ಉಪ್ಪು ಹೊತ್ತವರ ಮೊಮ್ಮಗಳು

ಉಶಿಕೊಶಿ ಮನೆತನದ ಗೆಂಗೊ ಆರು ಎತ್ತುಗಳ ಯಜಮಾನ. ಕಡಲ ಕಡೆಯಿಂದ ಬಂದ ಉಪ್ಪಿನ ಮೂಟೆಗಳನ್ನು ಎತ್ತುಗಳ ಬೆನ್ನಿಗೆ ಹೇರಿ, ನದಿಯ ಕೊರಕಲಿನ ಅಂಚಿನಲ್ಲೇ ನಡೆಸಿಕೊಂಡು ಬೆಟ್ಟದ ಮೇಲಿನ ಊರುಗಳಿಗೆ ಮುಟ್ಟಿಸುವುದು ಅವನ ಕಸುಬು. ಒಂದು ವರ್ಷ ಚಳಿಗಾಲ ಅವಸರ ಮಾಡಿಕೊಂಡು ಬಂತು. ಕಣಿವೆಯ ಬಾಯಲ್ಲಿ ಹಿಮ ಕುಸಿದು ಎತ್ತುಗಳು ಹೆಜ್ಜೆ ಕೀಳಲಿಲ್ಲ. ಅತ್ತ ತೊಚಿಹಿರಾ ಊರಿನಲ್ಲಿ ಹೆಂಗಸರು ಸೊಪ್ಪು ಕೊಯ್ದು, ತೊಳೆದು, ಚಳಿಗಾಲಕ್ಕೆ ಉಪ್ಪಿನಲ್ಲಿ ಹಾಕಿಡಲು ಗುಡ್ಡೆ ಮಾಡಿಕೊಂಡು ಉಪ್ಪಿನ ದಾರಿ ಕಾಯುತ್ತಿದ್ದರು. ಇನ್ನು ನಾಲ್ಕು ದಿನ ಹೋದರೆ ಸೊಪ್ಪೆಲ್ಲ ಕೊಳೆತು, ಊರು ಚಳಿಗಾಲವಿಡೀ ಬರಿ ಅನ್ನ ನುಂಗಬೇಕು. ಗೆಂಗೊ ಎತ್ತುಗಳನ್ನು ದಾರಿಬದಿಯ ಗುಡಿಯ ಸೂರಿನಡಿ ಕಟ್ಟಿದ. ಹನ್ನೆರಡು ಮೂಟೆಗಳನ್ನು ಒಂದೊಂದಾಗಿ ತನ್ನ ಬೆನ್ನ ಮೇಲೆ ಹೊತ್ತು ಕಣಿವೆ ದಾಟಿಸಿದ. ಕೊನೆಯ ಮೂಟೆ ಇಳಿಸುವಾಗ ಅವನ ಬಲಗಾಲಿನ ಎರಡು ಬೆರಳು ಕಪ್ಪಾಗಿ ಸತ್ತುಹೋಗಿದ್ದವು.

ಅವನ ಮಗ ಕಿಸಾಬುರೊ ಚಳಿಗಾಲದ ಹೊರೆಯಾಳು. ಹೊರೆ ಹೊತ್ತು ದಾರಿಯಲ್ಲಿ ಕೂತರೆ ಮತ್ತೆ ಏಳಲಾಗದಷ್ಟು ಭಾರ. ಆದ್ದರಿಂದ ಊರುಗೋಲನ್ನು ಹೊರೆಯ ಅಡಿಗೆ ಕೊಟ್ಟು ನಿಂತೇ ಉಸಿರು ತೆಗೆದುಕೊಳ್ಳುತ್ತಿದ್ದ. ಇಪ್ಪತ್ತೆಂಟು ಚಳಿಗಾಲ ಹಾಗೆ ನಡೆದ. ಅವನ ಹೆಂಡತಿ ತೊವಾ ಒಂದು ಚಿಟಿಕೆ ಉಪ್ಪನ್ನು ನಾಲಿಗೆಗಿಟ್ಟರೆ ಸಾಕು, ಇದು ಯಾವ ತೀರದ್ದು, ದಾರಿಯಲ್ಲಿ ಎಷ್ಟು ಸಲ ಮಳೆಗೆ ನೆನೆದಿದೆ ಎಂದು ಹೇಳುತ್ತಿದ್ದಳು. ಅವಳ ಮಾತು ಸುಳ್ಳಾದದ್ದನ್ನು ಊರು ಕಂಡಿಲ್ಲ.

ಆಮೇಲೆ ರೈಲು ಬಂತು, ಉಪ್ಪು ಅದರ ಡಬ್ಬಿಯಲ್ಲಿ ಕೂತು ಬರತೊಡಗಿತು. ಕಿಸಾಬುರೊನ ಮಗ ತಾಮೆಕಿಚಿ ಗದ್ದೆಗಿಳಿದ. ಅಪ್ಪ ಅಜ್ಜ ಹೊತ್ತ ಉಪ್ಪನ್ನೆಲ್ಲ ಇವನೊಬ್ಬನೇ ತಿಂದು ತೀರಿಸುತ್ತಿದ್ದಾನೆ ಎಂದು ಊರವರು ನಗೆಯಾಡುತ್ತಿದ್ದರು. ಉಪ್ಪಿನಲ್ಲಿ ಹಾಕಿಟ್ಟ ಸೊಪ್ಪಿನ ಮೇಲೆ ಮತ್ತೆ ಸೋಯಾ ಸಾಸ್ ಸುರಿದುಕೊಳ್ಳುವ ಮನುಷ್ಯ ಅವನು. ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಒಂದು ಬೆಳಗ್ಗೆ, ಒಲೆಗುಂಡಿಯ ಪಕ್ಕದಲ್ಲಿ, ಕೈಯಲ್ಲಿ ಸಾರಿನ ಬಟ್ಟಲು ಹಿಡಿದಿದ್ದ ಹಾಗೆಯೇ ಮಗ್ಗುಲಾದ. ಅವನ ಎದೆಯ ಮೇಲೆ ಚೆಲ್ಲಿದ ಸಾರನ್ನು ಒರೆಸಿದವಳು ಹದಿನೇಳರ ಮಗಳು ಕುನಿಯೆ.

ಆ ಸೀಮೆಯಲ್ಲಿ ಗಂಡಸರು ಹಾಗೆಯೇ ಹೋಗುತ್ತಿದ್ದರು. ಇಂಥವನು ಬಿದ್ದನಂತೆ ಎಂದರೆ ಸಾಕು, ಎಲ್ಲಿಂದ ಬಿದ್ದ ಎಂದು ಯಾರೂ ಕೇಳುತ್ತಿರಲಿಲ್ಲ. ತಲೆಯೊಳಗೆ ನರ ಒಡೆದು ಬೀಳುವುದೆಂದು ಎಲ್ಲರಿಗೂ ಗೊತ್ತು.

ಮನೆಗೆ ಗಂಡು ದಿಕ್ಕಿಲ್ಲವೆಂದು ಸದಾವೊ ಎಂಬ ಮರ ಕಡಿಯುವವನನ್ನು ಮನೆ ಅಳಿಯನಾಗಿ ತಂದರು. ಒಳ್ಳೆಯವನು. ಮಗಳಿಗೆ ಹತ್ತು ತುಂಬುವ ಹೊತ್ತಿಗೆ ಕಡಿದ ದೇವದಾರು ಅವನ ಮೇಲೆಯೇ ಬಿತ್ತು. ಕುನಿಯೆ ಒಬ್ಬಳೇ ಗದ್ದೆ ಮಾಡಿದಳು, ಮಗಳನ್ನು ಮಾತ್ಸುಮೊತೊ ಪೇಟೆಗೆ ಮದುವೆ ಮಾಡಿ ಕೊಟ್ಟಳು. ಐವತ್ತೊಂದಕ್ಕೆ ಕಾಲಿಟ್ಟ ವರ್ಷ ಅವಳ ಪಾಲಿಗೆ ಆರೋಗ್ಯ ಸಹಾಯಕಿಯ ಸರದಿ ಬಂತು.

ಆ ಸರದಿ ಊರ ಹೆಂಗಸರಿಗೆಲ್ಲ ತಲೆನೋವು. ಎರಡು ವರ್ಷ ಪಟ್ಟಣದ ನರ್ಸು ಮೊಮೊಸೆ ಹೇಳಿಕೊಟ್ಟದ್ದನ್ನು ಕಲಿತು ಬಂದು ಮೂವತ್ತೆಂಟು ಮನೆಗೂ ಹೇಳಬೇಕು. ಹೇಳಬೇಕಾದದ್ದು ಒಂದೇ ಮಾತು, ಉಪ್ಪು ಕಡಿಮೆ ಮಾಡಿ. ಆದರೆ ಮನೆಗೆ ಬಂದವರ ಮುಂದೆ ಚಹದ ಜೊತೆ ಉಪ್ಪು ಸೊಪ್ಪಿನ ತಟ್ಟೆ ಇಡದಿದ್ದರೆ ಮನೆಯೊಡತಿಗೆ ಅವಮಾನ, ಇಟ್ಟದ್ದನ್ನು ತಿನ್ನದಿದ್ದರೆ ಅದಕ್ಕಿಂತ ದೊಡ್ಡ ಅವಮಾನ. ಉಪ್ಪು ಬಿಡಿ ಎನ್ನಲು ದಿನಕ್ಕೆ ಆರು ಮನೆ ಹೊಕ್ಕರೆ ಆರು ತಟ್ಟೆ ಉಪ್ಪು ತಿಂದೇ ಹೊರಗೆ ಬರಬೇಕು. ಕುನಿಯೆ ಒಂದೇ ಎಸಳನ್ನು ಬಾಯಿಗಿಟ್ಟು, ಕೂತಷ್ಟು ಹೊತ್ತೂ ಅದನ್ನೇ ಅಗಿಯುತ್ತ, ಎಷ್ಟು ಚೆನ್ನಾಗಿದೆ ಎನ್ನುವುದನ್ನು ಮೊದಲ ತಿಂಗಳಲ್ಲೇ ರೂಢಿಸಿಕೊಂಡಳು.

ಅವಳು ಮುಂದೆ ಏನು ಮಾಡಿದಳೆಂಬುದನ್ನು ಮಗ್ಗುಲಲ್ಲೇ ಕೂತು ಕಂಡವಳು ಹಿಸಾನೊ. ಹಿಸಾನೊಳ ಗಂಡ ತೊಕುಜಿ ಊರಿಗೆಲ್ಲ ಮಿಸೊ, ಅಂದರೆ ಸಾರಿಗೆ ಕರಗಿಸುವ ಸೋಯಾ ಮುದ್ದೆ, ಹಾಕುವ ಕೈ. ಏಪ್ರಿಲ್‌ನಲ್ಲಿ ಪ್ರತಿ ಮನೆಯಲ್ಲೂ ಸೋಯಾ ಕಾಳು ಬೇಯಿಸಿ ಜಜ್ಜುತ್ತಾರೆ. ಅದಕ್ಕೆ ಬೂಷ್ಟು ಹಿಡಿಸಿದ ಅಕ್ಕಿಯನ್ನೂ ಉಪ್ಪನ್ನೂ ಬೆರೆಸಿ ಮರದ ಪೀಪಾಯಿಗೆ ಒತ್ತುವಾಗ ತೊಕುಜಿಯನ್ನು ಕರೆಯುತ್ತಾರೆ. ಅವನು ತಕ್ಕಡಿ ಮುಟ್ಟುವುದಿಲ್ಲ. ಬೊಗಸೆಯಲ್ಲಿ ಉಪ್ಪು ಎತ್ತಿ ಸುರಿದರೆ ಅದೇ ಅಳತೆ.

ಅಂಥ ಗಂಡನ ಹೆಂಡತಿ ಎಂಬ ಹೆಮ್ಮೆ ಹಿಸಾನೊಗೆ ಇತ್ತು. ಅದರ ಅಡಿಯಲ್ಲೇ ಒಂದು ಹೆದರಿಕೆಯೂ ಇತ್ತು. ಮಾವ ಬಿದ್ದದ್ದು ಐವತ್ತೆರಡನೆಯ ವಯಸ್ಸಿಗೆ. ಭಾವ ಬಿದ್ದದ್ದೂ ಐವತ್ತೆರಡಕ್ಕೆ, ಗದ್ದೆಯ ಬದುವಿನ ಮೇಲೆ. ತೊಕುಜಿಗೆ ಈಗ ಐವತ್ತೊಂದು. ಊರಿನ ಲೆಕ್ಕದಲ್ಲಿ ಹೊಸ ವರ್ಷದ ದಿನ ಎಲ್ಲರಿಗೂ ಒಟ್ಟಿಗೇ ಒಂದು ವಯಸ್ಸು ಏರುತ್ತದೆ. ಅಲ್ಲಿಗೆ ಇನ್ನೆಷ್ಟು ತಿಂಗಳು ಎಂದು ಅವಳು ಪಾತ್ರೆ ತೊಳೆಯುವಾಗಲೆಲ್ಲ ಎಣಿಸುತ್ತಿದ್ದಳು. ಮಕ್ಕಳಿಲ್ಲದ ಮನೆ, ಅವನೊಬ್ಬನೇ ಅವಳ ಸಂಸಾರ. ಇಪ್ಪತ್ತನಾಲ್ಕು ವರ್ಷ ಗೋಗರೆದಿದ್ದಳು, ಅತ್ತಿದ್ದಳು, ಸಾಸಿನ ಬಾಟಲಿ ಬಚ್ಚಿಟ್ಟಿದ್ದಳು. ಬಚ್ಚಿಟ್ಟ ದಿನ ಅವನು ಪಕ್ಕದ ಮನೆಗೆ ಹೋಗಿ ಉಂಡು ಬಂದಿದ್ದ.

ಮಾರ್ಚ್ ತಿಂಗಳಲ್ಲಿ ಕುನಿಯೆ ಉಪ್ಪು ಅಳೆಯುವ ಪುಟ್ಟ ಯಂತ್ರ ಹಿಡಿದು ಅವರ ಮನೆಗೆ ಬಂದಳು. ಅವಳೂ ತೊಕುಜಿಯೂ ಒಂದೇ ತರಗತಿಯಲ್ಲಿ ಓದಿದವರು.

"ಏ ಕುನಿಯೆ," ತೊಕುಜಿ ಒಲೆಯ ಮುಂದಿನಿಂದಲೇ ಕೂಗಿದ, "ನಿಮ್ಮಜ್ಜ ಬೆನ್ನು ಮುರ್ಕೊಂಡು ಹೊತ್ತು ತಂದಿದ್ದನ್ನ ನೀನು ಚಮಚದಲ್ಲಿ ವಾಪಸ್ ತಗೊಂಡು ಹೋಗೋಕೆ ಬಂದ್ಯಾ?"

"ತಗೊಂಡು ಹೋಗಲ್ಲ ಕಣೋ. ಎಷ್ಟಿದೆ ಅಂತ ನೋಡ್ತೀನಿ ಅಷ್ಟೆ."

"ನೋಡೋಕೆ ನಾಲಿಗೆ ಎಲ್ಲಿ ಅಡವಿಟ್ಟೆ?"

ಅವಳು ಯಂತ್ರದ ತುದಿಯನ್ನು ಸಾರಿನ ಬಟ್ಟಲಿಗೆ ಅದ್ದಿದಳು. ಮುಳ್ಳು ಓಡಿ ನಿಂತಿತು.

"ನೂರಕ್ಕೆ ಒಂದೂ ಮುಕ್ಕಾಲು."

"ಜಾಸ್ತಿನಾ ಕಮ್ಮಿನಾ ಹೇಳೇ."

"ಸಮುದ್ರದ ನೀರು ಮೂರೂವರೆ."

ತೊಕುಜಿ ತೊಡೆ ತಟ್ಟಿಕೊಂಡು ನಕ್ಕ. "ಕೇಳಿದ್ಯಾ ಹಿಸಾನೊ? ಅರ್ಧ ಸಮುದ್ರ ನಮ್ಮನೇಲೇ ಇದೆಯಂತೆ! ಇನ್ಮೇಲೆ ಬಲೆ ಹಾಕು, ಮೀನು ಸಿಗುತ್ತೆ."

ಆ ದಿನ ಕುನಿಯೆಗೆ ಇನ್ನೂ ಈ ಕೆಲಸದ ಹದ ಗೊತ್ತಿರಲಿಲ್ಲ. ನಗುವವನ ಮುಖಕ್ಕೆ ಹೊಡೆದ ಹಾಗೆ ಹೇಳಿಬಿಟ್ಟಳು: "ನಿಮ್ಮಪ್ಪ ಐವತ್ತೆರಡು, ನಿಮ್ಮಣ್ಣ ಐವತ್ತೆರಡು. ಮುಂದಿನ ವರ್ಷ ಯಾರ ಸರದಿ ಅಂತ ನಿಂಗೆ ಗೊತ್ತಿಲ್ವಾ?"

ತೊಕುಜಿಯ ನಗು ಆರಿತು. ಬಟ್ಟಲನ್ನು ಎತ್ತಿ, ಅವಳ ಕಣ್ಣ ಮುಂದೆಯೇ ಗಟಗಟ ಕುಡಿದು ಬೋರಲು ಹಾಕಿದ. "ಚಹ ಕುಡಿದಾಯ್ತಲ್ಲ? ಹೊರಡು."

ಕುನಿಯೆ ಹಟಕ್ಕೆ ಬಿದ್ದಳು. ಮನುಷ್ಯ ಕೇಳದಿದ್ದರೆ ಪೀಪಾಯಿಯಲ್ಲೇ ಕಡಿಮೆ ಮಾಡಿದರಾಯಿತಲ್ಲ, ವರ್ಷವಿಡೀ ತಾನಾಗಿ ಕಡಿಮೆಯಾಗುತ್ತದೆ ಎಂದು ಅವಳಿಗೆ ಹೊಳೆಯಿತು. ನರ್ಸು ಮೊಮೊಸೆ ಹೇಳಿದ್ದು ಸಾರಿನ ಮಾತು. ಪೀಪಾಯಿಯ ಯೋಚನೆ ಕುನಿಯೆಯದೇ. ಏಪ್ರಿಲ್‌ನಲ್ಲಿ ಮನೆಮನೆ ಸುತ್ತಿ, ಕೈ ಮುಗಿದು, ಇಪ್ಪತ್ತಮೂರು ಮನೆಯವರನ್ನು ಒಪ್ಪಿಸಿದಳು. ಮೂರರಲ್ಲಿ ಒಂದು ಪಾಲು ಉಪ್ಪು ಕಡಿತ. ತೊಕುಜಿ ಆ ಪೀಪಾಯಿಗಳಿಗೆ ಕೈ ಹಾಕಲು ಒಪ್ಪಲಿಲ್ಲ. "ಮನುಷ್ಯರಿಗೆ ಬುದ್ಧಿ ಹೇಳು, ಬೇಡ ಅನ್ನಲ್ಲ. ಪೀಪಾಯಿಗೆ ಬುದ್ಧಿ ಹೇಳ್ಬೇಡ, ಅದು ಕೇಳಲ್ಲ" ಎಂದ. ಹೆಂಗಸರು ತಾವೇ ಬೆರೆಸಿಕೊಂಡರು.

ಆಗಸ್ಟ್‌ನ ಧಗೆಗೆ ಇಪ್ಪತ್ತಮೂರು ಪೀಪಾಯಿಗಳೂ ಹುಳಿಯಾದವು. ಊರ ತುದಿಯಿಂದಲೇ ವಾಸನೆ ಬರುತ್ತಿತ್ತು. ಒಂದು ವರ್ಷದ ಮಿಸೊ ಎಂದರೆ ಒಂದು ವರ್ಷದ ಸಾರು, ಒಂದು ವರ್ಷದ ಬೆಳಗು. ಜನ ಬಗ್ಗಿ ನೋಡಿದರು, ಮೂಗು ಮುಚ್ಚಿಕೊಂಡರು, ಗದ್ದೆಗೆ ಗೊಬ್ಬರವಾಗಿ ಸುರಿದರು.

ಕುನಿಯೆ ಇಪ್ಪತ್ತೆರಡು ಮನೆಗೂ ಹೋದಳು, ಇಪ್ಪತ್ತಮೂರನೆಯದು ಅವಳದೇ. ಪ್ರತಿ ಮನೆಯ ಹೊಸ್ತಿಲೊಳಗೆ ಮಂಡಿಯೂರಿ, ಹಣೆಯನ್ನು ನೆಲಕ್ಕೆ ಮುಟ್ಟಿಸಿ ತಪ್ಪಾಯಿತು ಎಂದಳು. ನರ್ಸಿನ ಹೆಸರು ಎತ್ತಲಿಲ್ಲ. ಕೆಲವರು ಬಾಯಿಗೆ ಬಂದದ್ದು ಅಂದರು. ಮೇಲಿನಮನೆಯ ಮುದುಕಿ ಮಾತ್ರ, "ನಿಮ್ಮಜ್ಜಿ ತೊವಾ ಇದ್ದಿದ್ರೆ ಒಂದು ಚಿಟಿಕೆ ಬಾಯಿಗಿಟ್ಟು ಏಪ್ರಿಲ್‌ನಲ್ಲೇ ಹೇಳಿರೋಳು" ಎಂದಳಂತೆ. ಆ ಒಂದು ಮಾತಿಗೆ ಮಾತ್ರ ಕುನಿಯೆ ಅತ್ತಳು.

ಬೇರೆ ಮನೆಯವರು ಅಂಗಡಿಯಿಂದ ಮಿಸೊ ತಂದುಕೊಂಡರು. ಕುನಿಯೆ ತನ್ನ ಹುಳಿ ಪೀಪಾಯಿಯನ್ನು ಸುರಿಯಲಿಲ್ಲ. ಅದರದೇ ಸಾರು ಮಾಡಿ ದಿನಾ ಕುಡಿದಳು. ಭತ್ತದ ಕೊಯ್ಲಿನಲ್ಲಿ ಎಲ್ಲರೂ ಬದುವಿನ ಮೇಲೆ ಬುತ್ತಿ ಬಿಚ್ಚಿದಾಗ ಅವಳ ಪಾತ್ರೆಯ ವಾಸನೆಗೆ ಪಕ್ಕದವರು ಸರಿದು ಕೂತರು. ಅವಳು ಯಾರನ್ನೂ ನೋಡದೆ ಕೊನೆಯ ಗುಟುಕಿನವರೆಗೂ ಕುಡಿದು ಕುಡುಗೋಲು ಎತ್ತಿಕೊಂಡಳು. ಹಿಸಾನೊ ನೋಡುತ್ತಿದ್ದಳು. ತೊಕುಜಿಯೂ ನೋಡುತ್ತಿದ್ದ.

ಕೊಯ್ಲು ಮುಗಿದ ಮೇಲೆ ಒಂದು ಮಧ್ಯಾಹ್ನ ತೊಕುಜಿ ಇದ್ದಕ್ಕಿದ್ದಂತೆ ಚಪ್ಪಲಿ ಮೆಟ್ಟಿ ಹೊರಟ. ಎಲ್ಲಿಗೆ ಎಂದು ಕೇಳಿದರೆ, "ಕುನಿಯೆ ಮನೆಗೆ. ಆ ಹೊಲಸನ್ನ ನಾಲಿಗೆ ಮೇಲಿಟ್ಟು ನೋಡ್ದೆ ನಂಗೆ ನಿದ್ದೆ ಬರಲ್ಲ" ಎಂದ. ಅಲ್ಲಿ ಹೋಗಿ ಇನ್ನಷ್ಟು ಚುಚ್ಚುತ್ತಾನೆಂದು ಹೆದರಿ ಹಿಸಾನೊ ಹಿಂದೆಯೇ ಓಡಿದಳು.

ಕುನಿಯೆ ಒಂದು ಬಟ್ಟಲು ಸಾರು ಅವನ ಮುಂದಿಟ್ಟಳು. ಅವನು ಒಂದು ಗುಟುಕು ಕುಡಿದ. ಮುಖ ಹಿಂಡಿಕೊಂಡಿತು.

"ಥೂ! ಹಂದಿಗೆ ಹಾಕಿದ್ರೆ ಹಂದಿ ನಿನ್ನ ಮೇಲೆ ಪಂಚಾಯ್ತಿ ಸೇರಿಸುತ್ತೆ."

"ಗೊತ್ತು. ಯಾಕೆ ಹೀಗಾಯ್ತು ಹೇಳು ತೊಕುಜಿ."

"ಏಪ್ರಿಲ್‌ನಲ್ಲೇ ಹೇಳಿದ್ನಲ್ಲ."

"ಅವತ್ತು ನಾನು ಕೇಳಿಸ್ಕೊಳ್ಲಿಲ್ಲ. ಇವತ್ತು ಕೇಳಿಸ್ಕೊಳ್ತೀನಿ."

ತೊಕುಜಿ ಹೆಂಡತಿಯತ್ತ ನೋಡಿದ, ಕುನಿಯೆಯತ್ತ ನೋಡಿದ. ಐವತ್ತು ವರ್ಷದಲ್ಲಿ ಅವನನ್ನು ಯಾರೂ ಹೀಗೆ ಕೇಳಿರಲಿಲ್ಲ. ಕರೆದು ಕೆಲಸ ಮಾಡಿಸಿಕೊಂಡಿದ್ದರು, ಅಷ್ಟೆ. ಅವನು ಕಾಲು ಮಡಚಿ ಸರಿಯಾಗಿ ಕೂತು ಹೇಳತೊಡಗಿದ. ಬೂಷ್ಟಿನ ಸ್ವಭಾವ ಹೇಳಿದ, ಬೇಸಿಗೆಯ ಸ್ವಭಾವ ಹೇಳಿದ, ಪೀಪಾಯಿಯ ಹಲಗೆ ಉಸಿರಾಡುವುದನ್ನು ಹೇಳಿದ. ಕುನಿಯೆ ನಡುನಡುವೆ ಒಂದೊಂದು ಸಣ್ಣ ಪ್ರಶ್ನೆ ಕೇಳುತ್ತಿದ್ದಳು. ಗಂಟೆ ಕಳೆದದ್ದು ಗೊತ್ತಾಗಲಿಲ್ಲ.

"ಪೀಪಾಯಿ ಒಳಗಿನ ಉಪ್ಪು ನಾಲಿಗೆಗಲ್ಲ ಕಣೇ, ಕಾವಲಿಗೆ. ಮೂವರು ಕಾವಲುಗಾರರಲ್ಲಿ ಒಬ್ಬನ್ನ ಮನೆಗೆ ಕಳಿಸಿದ್ರೆ ಕಳ್ಳ ನುಗ್ಗದೆ ಇರ್ತಾನಾ? ಕಮ್ಮಿ ಮಾಡ್ಬೇಕಾ, ಸೌಟಲ್ಲಿ ಮಾಡು."

"ಸೌಟಲ್ಲಿ ಮಾಡಿದ್ರೆ ಬಿಸಿನೀರು ಕುಡಿದ ಹಾಗಾಗುತ್ತಲ್ಲ?"

"ನಿಂಗೆ ಅಡುಗೆ ಬರಲ್ಲ, ಅದಕ್ಕೆ ಹಾಗಾಗುತ್ತೆ. ಒಣಮೀನು ಇದೆಯಾ? ಮೂಲಂಗಿ? ಅಣಬೆ? ಏಳು, ತೋರಿಸ್ತೀನಿ."

ಹಿಸಾನೊ ಬೆರಗಾಗಿ ನೋಡಿದಳು. ತನ್ನ ಮನೆಯಲ್ಲಿ ಒಂದು ಕಡ್ಡಿ ಎತ್ತಿ ಆಚೆ ಇಡದ ಗಂಡಸು ಇನ್ನೊಬ್ಬಳ ಅಡುಗೆಮನೆಯಲ್ಲಿ ತೋಳು ಮಡಚಿ ಒಣಮೀನು ಕುದಿಸಿದ, ಮೂಲಂಗಿ, ಆಲೂಗಡ್ಡೆ, ಅಣಬೆ ಎಲ್ಲ ಪಾತ್ರೆಯ ಕಂಠದವರೆಗೂ ತುಂಬಿದ. ತನ್ನ ಮನೆಯಿಂದ ಹಿಸಾನೊ ಕೈಯಲ್ಲಿ ತರಿಸಿದ ಒಳ್ಳೆಯ ಮಿಸೊವನ್ನು ಅರ್ಧ ಸೌಟು ಕರಗಿಸಿದ. ಕುನಿಯೆ ಯಂತ್ರ ಅದ್ದಿದಳು. ಮುಳ್ಳು ಒಂದರ ಹತ್ತಿರವೇ ನಿಂತಿತು. ಮೂವರೂ ಕುಡಿದರು. ಚೆನ್ನಾಗಿತ್ತು.

ಮನೇಲೂ ಹೀಗೇ ಮಾಡೋಣ ಎಂದು ಹಿಸಾನೊ ಬಾಯಿ ತೆರೆಯುವಷ್ಟರಲ್ಲಿ ಕುನಿಯೆ ಅವಳ ಮಂಡಿಯನ್ನು ಮೆಲ್ಲಗೆ ಒತ್ತಿದಳು. ಹಿಸಾನೊ ಬಾಯಿ ಮುಚ್ಚಿಕೊಂಡಳು. ಕುನಿಯೆ ಹೇಳಿದ್ದು ಇಷ್ಟೇ: "ಇದನ್ನ ಬೇರೆ ಮನೆಗಳಲ್ಲಿ ತೋರಿಸ್ಬಹುದಾ ತೊಕುಜಿ? ನಿನ್ನ ಹೆಸರು ಹೇಳ್ತೀನಿ."

"ಹೇಳ್ಕೋ" ಎಂದು ತೊಕುಜಿ ಚಪ್ಪಲಿ ಹುಡುಕಿದ.

ಮರುದಿನ ಹಿಸಾನೊ ಒಬ್ಬಳೇ ಓಡಿಬಂದಳು. "ಅಕ್ಕ, ಯಾಕೆ ನನ್ನ ಬಾಯಿ ಮುಚ್ಚಿಸಿದ್ರಿ? ಕಬ್ಬಿಣ ಕಾದಿತ್ತು!"

"ನೀನು ಹೊಡೆದ್ರೆ ಅವನು ಬಾಗಲ್ಲ, ಎದ್ದು ಹೋಗ್ತಾನೆ. ಮಾರ್ಚ್‌ನಲ್ಲಿ ನಾನು ಹೊಡೆದು ನೋಡ್ಲಿಲ್ವಾ? ರಾತ್ರಿ ಏನಂದ?"

"ಅರ್ಧ ಸೌಟಾದ್ರೆ ರುಚಿ ಕೆಡುತ್ತೆ ಅಂದ್ರು. ಆಮೇಲೆ ಅವರೇ, ಒಣಮೀನು ಜಾಸ್ತಿ ಹಾಕಿದ್ರೆ ಕೆಡಲ್ಲ ಅಂದ್ರು. ನಾನು ಒಂದು ಮಾತೂ ಆಡಿಲ್ಲ, ಒಬ್ಬರೇ ಜಗಳ ಆಡ್ಕೊಂಡ್ರು."

ಕುನಿಯೆಯ ಕಣ್ಣು ಅರಳಿತು. "ಆಡ್ಕೊಳ್ಲಿ ಬಿಡು ಪಾಪ. ಎರಡು ಕಡೆ ಮಾತೂ ಅವನದೇ ಆಗಿರ್ಲಿ. ನೀನು ಯಾವ ಕಡೆಗೂ ಸೇರ್ಬೇಡ."

ಇಪ್ಪತ್ತು ದಿನ ತೊಕುಜಿ ಹಾಗೆಯೇ ತನ್ನೊಡನೆ ತಾನೇ ಜಗಳವಾಡಿದ. ಹಿಸಾನೊ ತುಟಿ ಕಚ್ಚಿ ಕೂತಳು. ಅಂಥ ಕಷ್ಟದ ಕೆಲಸ ಅವಳು ಹಿಂದೆಂದೂ ಮಾಡಿರಲಿಲ್ಲ. ಊರು ಸುತ್ತುವ ಕುನಿಯೆ ವಾರಕ್ಕೊಮ್ಮೆ ಬಂದು, ಒಂದು ಎಸಳು ಸೊಪ್ಪು ಅಗಿದು, ಆ ಮನೆಯಲ್ಲಿ ನಿನ್ನ ಸಾರು ಮೆಚ್ಚಿದರು, ಈ ಮನೆಯಲ್ಲಿ ಮುಖ ಸಿಂಡರಿಸಿದರು ಎಂದು ವರದಿ ಒಪ್ಪಿಸುತ್ತಿದ್ದಳು. ಮುಖ ಸಿಂಡರಿಸಿದವರ ಮನೆಗೆ ತೊಕುಜಿ ತಾನೇ ಹೋಗಿ ಬೈದು ಬರುತ್ತಿದ್ದ.

ನವೆಂಬರ್ ನಾಲ್ಕರ ಬೆಳಗ್ಗೆ ಅವನು ಸೋಯಾ ಸಾಸಿನ ಬಾಟಲಿಯನ್ನು ಎತ್ತಿ, ಸ್ಟೂಲು ಹತ್ತಿ, ಅಟ್ಟದ ಮೇಲಿನ ಹಲಗೆಯ ಮೇಲಿಟ್ಟ. "ಬೇಕಾದ್ರೆ ಹತ್ತಿ ಇಳಿಸ್ಕೋತೀನಿ. ನೀನು ಮುಟ್ಟಕೂಡ್ದು. ಸೌಟು ತಾ ಇಲ್ಲಿ" ಎಂದ. ಹಿಸಾನೊ ಸೌಟು ಕೊಟ್ಟು ಹಿತ್ತಲಿಗೆ ಓಡಿದಳು, ಅಳುವುದು ಅವನಿಗೆ ಕಾಣಬಾರದೆಂದು.

ಮೊದಲ ವಾರ ಅವನು ಉಂಡೆದ್ದಾಗಲೆಲ್ಲ, ಈ ಸಾರಿನ ಬಾಗಿಲ ಮುಂದೆ ಮಿಸೊ ಸುಮ್ಮನೆ ಹಾದುಹೋಗಿದೆ, ಒಳಗೆ ಬಂದಿಲ್ಲ ಎಂದು ಗೊಣಗುತ್ತಿದ್ದ. ಮೂರನೆಯ ವಾರ ಗೊಣಗುವುದು ಮರೆತ. ಡಿಸೆಂಬರ್‌ನಲ್ಲಿ ಮೊಮೊಸೆ ಬಂದು ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ನೋಡಿದಾಗ ಇನ್ನೂರ ಹತ್ತು ಇದ್ದದ್ದು ನೂರ ಎಂಬತ್ತಕ್ಕೆ ಇಳಿದಿತ್ತು. ಅವನು ಪೀಪಾಯಿಗಳ ಕೋಣೆಗೆ ಹೋಗಿ ಆ ಅಂಕಿಯನ್ನು ಇದ್ದಿಲಿನಿಂದ ಕಂಬದ ಮೇಲೆ ಬರೆದ.

ಆಮೇಲೆ ವರ್ಷದ ಕೊನೆಯ ಊಟ ಬಂತು. ಆ ಸಂಜೆ ಉಪ್ಪು ಹಾಕಿದ ಬುರಿ ಮೀನಿಲ್ಲದೆ ಅಲ್ಲಿ ಯಾರಿಗೂ ಹೊಸ ವಯಸ್ಸು ಏರುವುದಿಲ್ಲ. ತೊಕುಜಿ ಒಂದು ತುಂಡು ತಿಂದ. "ನಾಳೆಯಿಂದ ಐವತ್ತೆರಡು" ಎಂದ. ಮೂರು ತುಂಡು ತಿಂದ. ಎದ್ದು ಸ್ಟೂಲು ಹತ್ತಿ ಬಾಟಲಿ ಇಳಿಸಿದ. "ಅಪ್ಪ ಹೋದ, ಅಣ್ಣ ಹೋದ. ಹೋಗೋದೇ ಆದ್ರೆ ಬಾಯಿ ಕಟ್ಕೊಂಡು ಯಾಕೆ ಹೋಗ್ಲಿ?" ಹಬ್ಬದ ಆರು ದಿನವೂ ಹಾಗೆಯೇ ಉಂಡ. ಹಿಸಾನೊ ಆರು ದಿನವೂ ಅವನ ಬಲಗೈಯನ್ನೇ ನೋಡುತ್ತ ಕೂತಳು, ಯಾವಾಗ ಊಟದ ಕಡ್ಡಿ ಬೀಳುವುದೋ ಎಂದು.

ಏಳನೆಯ ದಿನ ಕುನಿಯೆಯ ದನಿ ಅಂಗಳದಲ್ಲಿ ಕೇಳಿದ್ದೇ ತಡ, ತೊಕುಜಿ ಬರಿ ಕಾಲುಚೀಲದಲ್ಲೇ ಹಿಂದಿನ ಬಾಗಿಲಿನಿಂದ ಹಿಮಕ್ಕೆ ಹಾರಿದ.

ಹಿಸಾನೊ ಇದ್ದದ್ದನ್ನೆಲ್ಲ ಹೊರಗೆ ಹಾಕಿದಳು. "ಉಗೀರಿ ಅಕ್ಕ, ನಿಮ್ಮ ಮಾತಾದ್ರೂ ನಾಟ್ಲಿ. ನನ್ನ ಕೈಲಾಗಲ್ಲ."

ಕುನಿಯೆ ಒಲೆಗುಂಡಿಯ ಪಕ್ಕ ಕೂತಳು. ಚಹ ಕುಡಿದಳು. ಎರಡನೆಯ ಲೋಟವನ್ನೂ ಕುಡಿದಳು. ಕೊನೆಗೆ ತೊಕುಜಿ ನಡುಗುತ್ತ, ನೆನೆದ ಕಾಲುಚೀಲದ ಗುರುತು ಮೂಡಿಸುತ್ತ ಒಳಗೆ ಬಂದು, ಅವಳಿಂದ ದೂರ ಗೋಡೆಗೆ ಒರಗಿ ಕೂತ.

"ಬೆಂಕಿ ಹತ್ರ ಬಾರೋ, ನೆಗಡಿ ಆಗುತ್ತೆ" ಎಂದಳು ಕುನಿಯೆ. "ಎಷ್ಟು ದಿನ ಮಾಡಿದ್ದೆ?"

"ಏನು?"

"ಅರ್ಧ ಸೌಟು."

ಅವನು ನೆಲ ನೋಡಿದ. "ಐವತ್ತೇಳು. ಎಲ್ಲಾ ಹಾಳಾಯ್ತಲ್ಲ ಈಗ."

"ಹಾಳಾದ ಆರು ದಿನದ್ದು ನಾನು ಕೇಳ್ಲಿಲ್ಲ. ಕೆಳಮನೆ ಯೊಶಿನೊ ಹನ್ನೆರಡು ದಿನಕ್ಕೇ ಕೈಚೆಲ್ಲಿ ಕೂತಿದ್ದಾನೆ. ಹದಿಮೂರನೇ ದಿನ ಹೇಗಿರುತ್ತೆ ಅಂತ ಅವನಿಗೆ ಹೇಳೋರು ಬೇಕು. ಊರಲ್ಲಿ ಐವತ್ತೇಳು ದಿನ ಹೋಗಿ ಬಂದೋನು ನೀನೊಬ್ಬನೇ. ನೀನು ಹೇಗೆ ದಾಟಿದೆ?"

ತೊಕುಜಿ ನೆನೆದ ಕಾಲುಚೀಲ ಕಳಚಿದ. ಆಮೇಲೆ, ಹದಿಮೂರನೆಯ ದಿನ ತಾನು ಮೂಲಂಗಿಗೆ ಸುಟ್ಟ ಮೆಣಸಿನಕಾಯಿ ಹಾಕಿಕೊಂಡು ನಾಲಿಗೆಗೆ ಮೋಸ ಮಾಡಿದ್ದನ್ನು ಹೇಳಿದ. ಹೇಳುತ್ತ ಹೇಳುತ್ತ ಬೆಂಕಿಯ ಹತ್ತಿರ ಸರಿದ. ಅಲ್ಲಿಂದೆದ್ದು ಸಂಜೆಯೇ ಯೊಶಿನೊನ ಮನೆಗೆ ಹೋದ. ಬಂದವನು ಬಾಟಲಿ ಹಿಡಿದು ಸ್ಟೂಲು ಹತ್ತಿದ.

ಹಿಸಾನೊಗೆ ಆ ದಿನ ಮೈ ಜುಮ್ಮೆಂದಿತು. ಬೈಯಲು ಇಷ್ಟೆಲ್ಲ ಕಾರಣ ಕೈಯಲ್ಲಿದ್ದೂ ಒಬ್ಬಳು ಅದನ್ನು ಮುಟ್ಟದೆ ಹೇಗೆ ಕೂತಳು? ಅಷ್ಟು ಹೊತ್ತು ಸುಮ್ಮನಿರುವ ಬಲ ಅವಳಿಗೆ ಎಲ್ಲಿಂದ ಬಂತು? ಮುಂದೆ ಇಪ್ಪತ್ತೊಂದು ವರ್ಷ, ಸರದಿ ಮುಗಿದ ಮೇಲೂ ಯಾರೂ ಕೇಳದೆ, ಕುನಿಯೆ ಆ ಕಣಿವೆಯ ಮನೆಗಳನ್ನು ಸುತ್ತಿದಳು. ಕುಡಿತ ಬಿಡಬೇಕೆಂದವರು, ಜೂಜು ಬಿಡಬೇಕೆಂದವರು, ಹೆಂಡತಿಗೆ ಕೈ ಎತ್ತುವುದನ್ನು ಬಿಡಬೇಕೆಂದು ಒಳಗೊಳಗೇ ಬೇಯುತ್ತಿದ್ದವರು ಅವಳ ಒಲೆಗುಂಡಿಯ ಪಕ್ಕ ಬಂದು ಕೂತರು. ಎಲ್ಲರೂ ಬಿಡಲಿಲ್ಲ. ಬಿಡದವರ ಮನೆಗೂ ಅವಳು ಹೋಗುವುದನ್ನು ನಿಲ್ಲಿಸಲಿಲ್ಲ.

ತೊಕುಜಿಯ ಐವತ್ತೆರಡರ ವರ್ಷ ಮೆಲ್ಲಗೆ ನಡೆಯಿತು. ಏಪ್ರಿಲ್‌ನಲ್ಲಿ ತೊಕುಜಿ ಮೂವತ್ತೆಂಟು ಪೀಪಾಯಿಗೂ ಮೊದಲಿನ ಅಳತೆಯ ಉಪ್ಪೇ ಹಾಕಿದ. ಪ್ರತಿ ಮನೆಯಲ್ಲೂ ಕೈ ತೊಳೆದುಕೊಂಡು, "ಇದು ಪೀಪಾಯಿಗೆ. ನಿಮಗೆ ಅರ್ಧ ಸೌಟು" ಎಂದು ಹೇಳಿ ಬಂದ. ಅವನು ಹೇಳಿದರೆ ಊರು ಕೇಳುತ್ತದೆ.

ಜುಲೈಯಲ್ಲಿ ಒಂದು ಬೆಳಗ್ಗೆ ಅವನ ಕೈಯಿಂದ ಊಟದ ಕಡ್ಡಿ ಬಿತ್ತು.

ಹಿಸಾನೊ ಎರಡು ವರ್ಷದಿಂದ ಕಾದಿದ್ದ ಶಬ್ದ ಅದು. ತೊಕುಜಿ ಬಲಗೈಯನ್ನು ಮೇಲಕ್ಕೆತ್ತಿ ಯಾರದೋ ಕೈ ಎಂಬಂತೆ ನೋಡುತ್ತಿದ್ದ. ಬಾಯಿ ಸ್ವಲ್ಪ ಓರೆಯಾಗಿತ್ತು. ಹಿಸಾನೊ ಬರಿಗಾಲಲ್ಲಿ ಓಡಿ ಕುನಿಯೆಯನ್ನು ಕರೆತಂದಳು. ಕುನಿಯೆ ಯೊಶಿನೊನ ಸಣ್ಣ ಲಾರಿಯಲ್ಲಿ ಹಾಸಿಗೆ ಹಾಕಿಸಿ, ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಪಟ್ಟಣದವರೆಗೂ ಕೂತಳು. ದಾರಿಯುದ್ದಕ್ಕೂ ಅವಳ ತುಟಿ ಬಿಳಿಚಿಕೊಂಡಿದ್ದನ್ನು ಹಿಸಾನೊ ಕಂಡಳು. ಕುನಿಯೆಗೂ ಹೆದರಿಕೆಯಾಗುತ್ತದೆ ಎಂದು ಅವಳಿಗೆ ಗೊತ್ತಾದದ್ದು ಅಂದೇ.

ಮಧ್ಯಾಹ್ನದ ಹೊತ್ತಿಗೆ ಬೆರಳುಗಳು ಮಡಚಿದವು. ಸಂಜೆಗೆ ಬಾಯಿ ನೇರವಾಯಿತು. ಮುದಿ ಡಾಕ್ಟರು ಹಳೆಯ ಚೀಟಿಯನ್ನೂ ಹೊಸ ಚೀಟಿಯನ್ನೂ ಅಕ್ಕಪಕ್ಕ ಇಟ್ಟು ನೋಡಿದರು. "ನೂರ ಐವತ್ತೆರಡು. ಬಾಗಿಲು ತಟ್ಟಿ ಹೋಗಿದೆ ಅಷ್ಟೆ. ಹೋದ ವರ್ಷದ ಒತ್ತಡ ಇದ್ದಿದ್ರೆ ಬಾಗಿಲು ಮುರ್ಕೊಂಡು ಒಳಗೆ ಬಂದಿರೋದು ಕಣಪ್ಪ."

ಹಿಸಾನೊ ಕುನಿಯೆಯ ಎರಡೂ ಕೈ ಹಿಡಿದುಕೊಂಡಳು. ಕುನಿಯೆ, "ಹಸಿವಾಗ್ತಿದೆ ಕಣೆ, ಇಲ್ಲಿ ಸೋಬಾ ಶ್ಯಾವಿಗೆ ಎಲ್ಲಿ ಸಿಗುತ್ತೆ?" ಎಂದು ಕೇಳಿದಳು.

ಮತ್ತೊಂದು ವರ್ಷದ ಕೊನೆಯ ಊಟವಾಯಿತು. ತೊಕುಜಿ ಬುರಿ ಮೀನಿನ ಒಂದು ತುಂಡು ತಿಂದು ತಟ್ಟೆಯನ್ನು ಹೆಂಡತಿಯ ಕಡೆಗೆ ಸರಿಸಿದ. ಬೆಳಗಾದಾಗ ಅವನಿಗೆ ಐವತ್ತಮೂರು. ಅವನ ಮನೆಯ ಗಂಡಸೊಬ್ಬ ಆ ವಯಸ್ಸಿನ ಮುಖ ನೋಡಿದ್ದು ಅದೇ ಮೊದಲು. ಹಿಸಾನೊ ಎದ್ದವಳೇ ಅವನ ಹಾಸಿಗೆಯ ಪಕ್ಕ ಕೂತು, ಅವನು ಕಣ್ಣು ತೆರೆಯುವವರೆಗೂ ಉಸಿರಾಟ ಕೇಳಿದಳು.

ಆ ಹಬ್ಬದಲ್ಲಿ ಮೂರು ದಿನ ಬಿಡದೆ, ತೆಗೆಯದಿದ್ದರೆ ಮನೆಯ ಮಾಡು ಕುಸಿಯುವಷ್ಟು ಹಿಮ ಬಿತ್ತು. ನಾಲ್ಕನೆಯ ದಿನ ಬೆಳಗ್ಗೆ ಬಿಸಿಲು ಬಿದ್ದಾಗ ತೊಕುಜಿ ಏಣಿಯನ್ನೂ ಅಗಲ ಸಲಿಕೆಯನ್ನೂ ಹೆಗಲಿಗೇರಿಸಿ, "ನಡಿ, ಕುನಿಯೆ ಮನೆಗೆ. ಇನ್ಮೇಲೆ ಅವಳ ಮಾಡಿನ ಹಿಮ ನಂದು, ನಾನಿರೋವರೆಗೂ" ಎಂದ. ಹಿಸಾನೊಗೂ ಅದೇ ಸರಿ ಎನಿಸಿತು. ಗಂಡನನ್ನು ಉಳಿಸಿಕೊಟ್ಟವಳಿಗೆ ಬೇರೆ ಏನು ಕೊಡುವುದು?

ಅವರು ಹೋಗುವಷ್ಟರಲ್ಲಿ ಕುನಿಯೆ ಮಾಡಿನ ಮೇಲಿದ್ದಳು. ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ಎದೆಮಟ್ಟದ ಹಿಮದಲ್ಲಿ ನಿಂತು, ಇಟ್ಟಿಗೆ ಕೊಯ್ದ ಹಾಗೆ ಹಿಮವನ್ನು ಕೊಯ್ದು ಕೊಯ್ದು ಕೆಳಗೆ ನೂಕುತ್ತಿದ್ದಳು. ನೀಲಿ ಆಕಾಶದ ಎದುರಿಗೆ ಅಷ್ಟು ಎತ್ತರದಲ್ಲಿ ಆ ಗಿಡ್ಡ ಹೆಂಗಸನ್ನು ಕಂಡು ಹಿಸಾನೊ ನಿಂತಲ್ಲೇ ನಿಂತಳು.

ತೊಕುಜಿ ಏಣಿಯನ್ನು ಗೋಡೆಗೆ ಒರಗಿಸಿದ. "ಇಳಿಯೇ ಕುನಿಯೆ! ಇನ್ಮೇಲೆ ಪ್ರತಿ ವರ್ಷ ಇದು ನನ್ನ ಕೆಲಸ. ನನ್ನ ಜೀವ ಉಳಿಸಿದ್ದೀಯ, ಇಷ್ಟಾದ್ರೂ ಮಾಡ್ಬೇಡ್ವಾ ನಾನು?"

ಕುನಿಯೆ ಸಲಿಕೆಯನ್ನು ಹಿಮಕ್ಕೆ ಊರಿ, ಅದರ ಮೇಲೆ ಎರಡೂ ಕೈ ಇಟ್ಟು ಕೆಳಗೆ ನೋಡಿದಳು. ಅವಳ ಉಸಿರು ಬಿಳಿಯಾಗಿ ಮೇಲೇಳುತ್ತಿತ್ತು.

"ಏಣಿ ತೆಗೆಯೋ ತೊಕುಜಿ. ನಿನ್ನ ಉಪಕಾರ ನಂಗೆ ಬೇಡ. ನಾನು ಉಳಿಸ್ದೆ ಅಂತ ನೀನು ತಲೇಲಿ ಇಟ್ಕೊಂಡ್ರೆ, ನಾಳೆ ನಾನು ಸತ್ತ ದಿನ ನಿನ್ನ ಕೈ ಹಿಡಿಯೋರು ಯಾರೂ ಇಲ್ಲ ಅನ್ಕೊಂಡು ಮತ್ತೆ ಬಾಟಲಿ ಇಳಿಸ್ತೀಯ. ಒಂದು ಹೊತ್ತಾದ್ರೂ ನಿನ್ನ ಪಾಲಿಂದು ನಾನು ಉಂಡಿದ್ದೀನಾ? ಎಲ್ಲಾ ಹೊತ್ತೂ ನೀನೇ ಉಂಡೆ, ನೀನೇ ಬಿಟ್ಟೆ, ನೀನೇ ಬಿದ್ದೆ, ನೀನೇ ಎದ್ದೆ. ನಾನು ಪಕ್ಕದಲ್ಲಿ ಕೂತಿದ್ದೆ ಅಷ್ಟೆ. ಕೂತಿದ್ದಕ್ಕೆಲ್ಲ ಯಾರಾದ್ರೂ ಮಾಡು ಗುಡಿಸ್ತಾರಾ? ನಂಗಿನ್ನೂ ತೋಳಿದೆ, ಇದನ್ನ ನಾನೇ ತೆಗೀತೀನಿ. ಹಿಸಾನೊ, ನಿನ್ನ ಗಂಡನ್ನ ಕರ್ಕೊಂಡು ಆಚೆ ಸರಿ. ಹಿಮ ತಳ್ತಿದ್ದೀನಿ, ಇಬ್ಬರ ತಲೆ ಮೇಲೂ ಬೀಳುತ್ತೆ."